ಮಳೆಯಿಲ್ಲದ ಊರಿನಲ್ಲಿ ಮಳೆಯ ಪರೀಕ್ಷೆ

ಒಂದು ವಸ್ತುವನ್ನು ಪರೀಕ್ಷಿಸಿ 'ಸರಿಯಾಗಿದೆ' ಎಂದು ನುಡಿಯುವವನು ನಿಜವಾಗಿ ಏನನ್ನು ಹೇಳಿದಂತಾಯಿತು? ತಾನು ಕಂಡುದನ್ನು ಹೇಳಿದನೋ, ಇಲ್ಲವೆ ಮುಂದೆ ಆಗಲಿರುವುದಕ್ಕೂ ಹೊಣೆಯಾದನೋ? ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಈ ಪ್ರಶ್ನೆ ಹೊಸದಾಗಿರಬಾರದು. ವರ್ಷವರ್ಷವೂ ಹತ್ತಾರು ಮಕ್ಕಳ ಹೆಸರುಗಳ ಮುಂದೆ ಒಂದು ಗುರುತು ಹಾಕಿ ಕೆಳಗೆ ರುಜು ಮಾಡುವವರು ನಾವು. ಆದರೂ ಆ ಪ್ರಶ್ನೆ ತನ್ನ ಪೂರ್ಣವಾದ ತೂಕದೊಡನೆ ನಮಗೆ ಎದುರಾದುದು ಶಾಲೆಯಲ್ಲಲ್ಲ. ತೇನಿಯ ಒಂದು ಮೋಟಾರು ದುರಸ್ತಿಯ ಅಂಗಡಿಯಲ್ಲಿ, ಹಳೆಯ ಕಾರೊಂದರ ಮುಂಗಾಜನ್ನು ಒರಸುವ ವೈಪರ್ ಮೋಟಾರನ್ನು ಬೆಂಚಿನ ಮೇಲೆ ಇಟ್ಟು ಓಡಿಸುತ್ತಿದ್ದಾಗ ಅದು ಎದುರಾಯಿತು. ಬೇಸಿಗೆಯ ರಜೆಯಾದುದರಿಂದ ನಮಗೆ ಅಲ್ಲಿ ಕುಳಿತು ನೋಡುವುದಕ್ಕೆ ಬಿಡುವಿತ್ತು.

ಈ ಕಡೆಗೆ ಬಾರದ ವಾಚಕರಿಗೆ ಸ್ಥಳದ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು. ತೇನಿಯಿಂದ ನೈಋತ್ಯ ದಿಕ್ಕಿಗೆ ಚಿನ್ನಮನೂರು, ಕಂಬಂ, ಗೂಡಲೂರುಗಳವರೆಗೆ ಚಾಚಿರುವ ತಗ್ಗಿನ ಬಯಲಿಗೆ ಕಂಬಂ ಕಣಿವೆ ಎಂದು ಹೆಸರು. ತಲೆಮಾರುಗಳ ಹಿಂದೆ ಬಂದು ನೆಲೆಸಿ, ಬೀದಿಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುವ ಒಕ್ಕಲಿಗ ಮತ್ತು ದೇವಾಂಗ ಕುಟುಂಬಗಳು ಇಲ್ಲಿಂದ ದಿಂಡಿಗಲ್ಲಿನವರೆಗೂ ಹರಡಿಕೊಂಡಿವೆ. ಕಣಿವೆಯ ಪಶ್ಚಿಮಕ್ಕೆ ಏಲಕ್ಕಿಯ ಬೆಟ್ಟಗಳು ಗೋಡೆಯಂತೆ ನಿಂತಿವೆ. ಮುಂಗಾರಿನ ಮೋಡಗಳು ಆ ಗೋಡೆಯ ಆಚೆಯ ಮಗ್ಗುಲಲ್ಲಿ ತಮ್ಮ ಭಾರವನ್ನೆಲ್ಲ ಇಳಿಸಿ, ಈಚೆಗೆ ಬರುವಾಗ ಬರಿಯ ಗಾಳಿಯಾಗಿ ಉಳಿದಿರುತ್ತವೆ. ಆಚೆಯ ಮಳೆ ನಮ್ಮ ಗದ್ದೆಗಳಿಗೆ ದೊರೆಯುವುದು ಆಕಾಶಮಾರ್ಗದಿಂದಲ್ಲ, ಬೆಟ್ಟವನ್ನು ಕೊರೆದ ಸುರಂಗದಿಂದ. ಪೆನ್ನಿಕುಯಿಕ್ ಎಂಬ ಎಂಜಿನಿಯರು ಕಟ್ಟಿಸಿ ೧೮೯೫ರಲ್ಲಿ ಪೂರೈಸಿದ ಪೆರಿಯಾರ್ ಅಣೆಕಟ್ಟು ಪಡುವಣಕ್ಕೆ ಹರಿಯುವ ನೀರನ್ನು ಮೂಡಣಕ್ಕೆ ತಿರುಗಿಸಿತು. ಅದರ ಫಲವಾಗಿಯೇ ಇಂದು ಇಲ್ಲಿ ಎರಡು ಬೆಳೆ.

ಹೀಗಾಗಿ ಕಣಿವೆಯಲ್ಲಿ ಓಡಾಡುವ ಗಾಡಿಯ ವೈಪರ್ ವರ್ಷದ ಬಹುಭಾಗ ಧೂಳು ಹೊತ್ತು ಸುಮ್ಮನೆ ಮಲಗಿರುವ ವಸ್ತು. ಅದರ ಅಗತ್ಯ ಬೀಳುವುದು ಗಾಡಿ ಬೆಟ್ಟ ಹತ್ತಿದ ಮೇಲೆ. ಬೋಡಿನಾಯಕನೂರಿನಿಂದ ೧೭ ಹೇರ್‌ಪಿನ್ ತಿರುವುಗಳನ್ನು ಏರಿ ಬೋಡಿಮೆಟ್ಟಿಗೆ, ಕಂಬಂನಿಂದ ಕಂಬಂಮೆಟ್ಟಿಗೆ, ಗೂಡಲೂರು ದಾಟಿ ಕುಮಿಳಿಗೆ ಹೋಗುವ ರಸ್ತೆಗಳಲ್ಲಿ ಕೆಳಗೆ ಬಿಸಿಲಿದ್ದಾಗಲೇ ಮೇಲೆ ಮಂಜು ಕವಿದಿರುತ್ತದೆ. ದಿನವೂ ನಸುಕಿನಲ್ಲಿ ಜೀಪುಗಳು ಏಲಕ್ಕಿ ತೋಟದ ಕೂಲಿಯ ಹೆಂಗಸರನ್ನು ತುಂಬಿಕೊಂಡು ಈ ಘಟ್ಟಗಳನ್ನು ಹತ್ತುತ್ತವೆ, ಸಂಜೆಗೆ ಇಳಿಯುತ್ತವೆ. ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತ ಆ ತಾಯಂದಿರಲ್ಲಿ ಯಾರೊಬ್ಬರೂ ಜೀಪಿನ ವೈಪರನ್ನು ಯಾರು ಯಾವಾಗ ನೋಡಿ 'ಸರಿ' ಎಂದರೆಂದು ಕೇಳಿದವರಲ್ಲ. ಕೇಳಬೇಕೆಂದು ಅವರಿಗೆ ತೋರುವುದೂ ಇಲ್ಲ. ನಾವು ಹೇಳಲಿರುವ ಅಂಗಡಿಯ ಕುಶಲಕರ್ಮಿಗೆ ಹೊಟ್ಟೆಯ ಪಾಡು ನಡೆಯುವುದು ಹೆಚ್ಚಾಗಿ ಈ ಜೀಪುಗಳಿಂದಲೇ.

ಆ ದಿನ ಬಂದುದು ಮಾತ್ರ ಜೀಪಲ್ಲ, ೧೯೬೮ರಲ್ಲಿ ನೋಂದಣಿಯಾದ ಒಂದು ಅಂಬಾಸಡರ್ ಕಾರು. ದಿಂಡಿಗಲ್ಲಿನ ಒಬ್ಬ ಹಿರಿಯ ವರ್ತಕರದು. ನಮಗೆ ದೂರದ ಬಂಧುಗಳು. ಅವರ ತಂದೆ ಕೊಂಡ ಕಾರನ್ನು ಅವರು ಮಾರದೆ, ರೂಪ ಕೆಡಿಸದೆ ಉಳಿಸಿಕೊಂಡಿದ್ದಾರೆ. ಈ ಜಾತಿಯ ಕಾರಿನ ತಯಾರಿಕೆಯೇ ೨೦೧೪ರಲ್ಲಿ ನಿಂತುಹೋದುದರಿಂದ ಅವರ ಪ್ರೀತಿ ಇನ್ನಷ್ಟು ಹೆಚ್ಚಿದೆ. 'ವಿಂಟೇಜ್' ಎಂಬ ಮಾತನ್ನು ಅವರು ಹೆಮ್ಮೆಯಿಂದ ಆಡುತ್ತಾರೆ. ಇಂಗ್ಲೆಂಡಿನ ವಾಹನಪ್ರಿಯರು ಆ ಹೆಸರನ್ನು ೧೯೧೯ರಿಂದ ೧೯೩೦ರವರೆಗಿನ ಕಾರುಗಳಿಗಷ್ಟೇ ಮೀಸಲಿಡುತ್ತಾರಾದರೂ, ನಮ್ಮ ದೇಶದಲ್ಲಿ ೨೦೨೧ರ ನಿಯಮದಂತೆ ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಖಾಸಗಿ ವಾಹನವೆಲ್ಲ ವಿಂಟೇಜೇ. ಆದರೆ ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ್ಯಾಲಿ, ದುರಸ್ತಿ ಮೊದಲಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಹಿರಿಯರಿಗೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಆಸೆ. ಆದ್ದರಿಂದ ಬಿರುದನ್ನು ಬಾಯಲ್ಲಿ ಇಟ್ಟುಕೊಂಡು, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡಿದ್ದಾರೆ. ಜೂನ್ ತಿಂಗಳ ಮೊದಲ ವಾರದಲ್ಲಿ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳೊಡನೆ ಕುಮಿಳಿಗೆ ಹೋಗಬೇಕೆಂಬುದು ಅವರ ಸಂಕಲ್ಪ. ಮುಂಗಾರು ಕೇರಳಕ್ಕೆ ಕಾಲಿಡುವ ಹೊತ್ತು ಅದು. ವೈಪರ್ ಮಾತ್ರ ಬಹಳ ವರ್ಷಗಳಿಂದ ಅಲುಗಾಡಿರಲಿಲ್ಲ.

ವೈಪರಿನ ಚರಿತ್ರೆಯೇನೂ ದೊಡ್ಡದಲ್ಲ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ಒಳಗಿನಿಂದ ಕೈಯಲ್ಲಿ ಆಡಿಸುವ ಒರಸುಕಡ್ಡಿಯೊಂದಕ್ಕೆ ೧೯೦೩ರಲ್ಲಿ ಪೇಟೆಂಟ್ ಪಡೆದಳು. ಅದನ್ನು ಕೊಂಡು ತಯಾರಿಸುವವರು ಆಕೆಗೆ ದೊರೆಯಲಿಲ್ಲ. ಅನಂತರ ಎಂಜಿನ್ನಿನ ಹೀರುಗಾಳಿಯಿಂದ ಚಲಿಸುವ ವೈಪರುಗಳು ಬಂದವು. ಅವುಗಳ ಗುಣ ವಿಚಿತ್ರವಾದುದು. ಚಾಲಕನು ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಷ್ಟೂ ಹೀರುವಿಕೆ ಕಡಿಮೆಯಾಗಿ ಕಡ್ಡಿ ನಿಧಾನವಾಗುತ್ತಿತ್ತು. ಘಟ್ಟದ ಮಳೆಯಲ್ಲಿ ಗಾಜು ಒರಸಿಕೊಳ್ಳಬೇಕಾದರೆ ಕಾಲನ್ನು ಸಡಿಲಿಸಿ ಗಾಡಿಯನ್ನೇ ನಿಧಾನ ಮಾಡಬೇಕಾಗುತ್ತಿತ್ತು. ಕಷ್ಟ ಹೆಚ್ಚಿದಾಗಲೇ ಕೈಬಿಡುವ ಸ್ನೇಹಿತರ ಹಾಗೆ! ವಿದ್ಯುತ್ತಿನ ಮೋಟಾರು ಬಳಕೆಗೆ ಬಂದ ಮೇಲೆ ಆ ದೋಷ ಹೋಯಿತು. ಕಷ್ಟದಲ್ಲಿ ಕೈಬಿಡುವ ಗುಣ ಪೂರ್ತಿ ಹೋಯಿತೇ ಎಂಬುದನ್ನು ಮುಂದೆ ನೋಡೋಣ.

ಕುಶಲಕರ್ಮಿ ಮೋಟಾರನ್ನು ಕಾರಿನಿಂದ ಬಿಚ್ಚಿ ತಂದು ಬೆಂಚಿನ ವೈಸಿಗೆ ಸಿಕ್ಕಿಸಿದ. ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಗಾಡಿಯ ಮೈಗೆ ಸೇರಿಸುವ ಪದ್ಧತಿ ಇತ್ತಾದುದರಿಂದ ಯಾವ ತಂತಿ ಯಾವುದಕ್ಕೆಂದು ಮೊದಲು ನೋಡಿಕೊಂಡ. ೧೨ ವೋಲ್ಟಿನ ಬ್ಯಾಟರಿ, ನಡುವೆ ಒಂದು ಫ್ಯೂಜು, ಒಂದು ಅಮ್ಮೀಟರು. ಇಷ್ಟೇ ಅವನ ಪ್ರಯೋಗಶಾಲೆ. ಒಳಗಿನ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದು, ಹೊಸದನ್ನು ತುಂಬಿ ತಂತಿ ತಾಗಿಸಿದನು. ಮೋಟಾರು ಒಮ್ಮೆ ಗೊಣಗಿ, ಅನಂತರ ಇಂಪಾದ ಸದ್ದಿನೊಡನೆ ತಿರುಗತೊಡಗಿತು. ಅಮ್ಮೀಟರಿನ ಮುಳ್ಳು ೨ ಆಂಪಿಯರಿನ ಬಳಿ ಅಲುಗದೆ ನಿಂತಿತು. ಹಿರಿಯರ ಮುಖ ಅರಳಿತು. "ಆಯ್ತಲ್ಲಾ ತಮ್ಮಾ, ಜೋಡಿಸಿಬಿಡು" ಎಂದರು.

ಅವನು ಜೋಡಿಸಲಿಲ್ಲ. "ಇದು ಸುಮ್ಮನೆ ತಿರುಗ್ತಾ ಇದೆ ಅಯ್ಯಾ. ಕೆಲಸ ಕೊಟ್ಟು ನೋಡ್ಬೇಕು" ಎಂದು, ಮೂಲೆಯಲ್ಲಿದ್ದ ಒಂದು ಹಳೆಯ ಮುಂಗಾಜನ್ನು ಮರದ ಚೌಕಟ್ಟಿನೊಡನೆ ಎತ್ತಿ ತಂದು ಬೆಂಚಿಗೆ ಒರಗಿಸಿದ. ಕಡ್ಡಿಗಳನ್ನೂ ರಬ್ಬರಿನ ಅಲಗುಗಳನ್ನೂ ಮೋಟಾರಿಗೆ ಕೂಡಿಸಿ, ತೂತು ಕೊರೆದ ಡಬ್ಬಿಯೊಂದರಿಂದ ಗಾಜಿನ ಮೇಲೆ ನೀರು ಹನಿಯುವಂತೆ ಮಾಡಿ, ಮತ್ತೆ ತಂತಿ ತಾಗಿಸಿದ. ಮೊದಲ ಹತ್ತು ನಿಮಿಷ ಎಲ್ಲವೂ ನೆಟ್ಟಗಿತ್ತು. ಆಮೇಲೆ ಅವನು ನೀರನ್ನು ಬಹುಪಾಲು ನಿಲ್ಲಿಸಿದ. ನಾವು ಕಾರಣ ಕೇಳಿದೆವು. ಅವನ ಉತ್ತರ ನಮಗೆ ಹೊಸದಾಗಿತ್ತು: ಜಡಿಮಳೆ ವೈಪರಿಗೆ ಕಷ್ಟವಲ್ಲವಂತೆ; ನೀರೇ ಎಣ್ಣೆಯಂತೆ ಅಲಗನ್ನು ಜಾರಿಸುತ್ತದೆ. ಗಾಜು ಅರೆ ಒಣಗಿ ಅಂಟುಅಂಟಾಗಿರುವಾಗ, ಅಂದರೆ ಘಟ್ಟದ ಮೇಲಿನ ಮಂಜು ಮತ್ತು ತುಂತುರಿನಲ್ಲಿ, ರಬ್ಬರು ಗಾಜನ್ನು ಹಿಡಿದುಕೊಳ್ಳುತ್ತದೆ. ಮೋಟಾರು ದುಡಿಯುವುದು ಆಗ. ಅವನು ಹೇಳಿದಂತೆಯೇ ಆಯಿತು. ಕಡ್ಡಿಗಳ ಓಟ ಕುಗ್ಗಿತು. ಮುಳ್ಳು ೬ರ ಕಡೆಗೆ ಏರಿತು. ಕಾಲು ಗಂಟೆಯೊಳಗೆ ಮೋಟಾರಿನ ಮೈ ಕೈಯಿಡಲಾರದಷ್ಟು ಕಾದಿತು. ಕೊನೆಗೆ ಕಡ್ಡಿಗಳು ಗಾಜಿನ ನಡುವೆ, ಚಾಲಕನ ಕಣ್ಣಿಗೆ ನೇರವಾಗಿ ಬರುವ ಜಾಗದಲ್ಲಿ, ನಡುಗುತ್ತ ನಿಂತುಬಿಟ್ಟವು. ಅವನು ಕೂಡಲೆ ತಂತಿ ಕಿತ್ತ.

ದೋಷ ಸಿಕ್ಕಿತು. ಬ್ರಷ್ಷುಗಳು ಸವೆದಿದ್ದವು, ಅದಕ್ಕಿಂತ ಮುಖ್ಯವಾಗಿ, ಮೋಟಾರಿನ ಮೈಗೆ ಸೇರುವ ತಂತಿಯ ರಿವೆಟ್ಟಿನಲ್ಲಿ ತುಕ್ಕು ಹಿಡಿದಿತ್ತು. ಇಲ್ಲಿ ನಮ್ಮ ವಿದ್ಯಾರ್ಥಿಗಳು ಓಮನ ನಿಯಮವನ್ನು ಸ್ಮರಿಸಿಕೊಳ್ಳಬೇಕು. ೧೮೨೭ರಲ್ಲಿ ಓಮ್ ಪ್ರಕಟಿಸಿದ ಆ ನಿಯಮವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದರೊಳಗೆ ಒಂದು ನೀತಿಪ್ರಶ್ನೆ ಅಡಗಿದೆಯೆಂದು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ತುಕ್ಕು ಹಿಡಿದ ಕೂಡಿಕೆಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳೋಣ. ಮೋಟಾರು ಸುಮ್ಮನೆ ತಿರುಗುತ್ತ ೨ ಆಂಪಿಯರ್ ಎಳೆಯುವಾಗ ಆ ಕೂಡಿಕೆಯಲ್ಲಿ ನಷ್ಟವಾಗುವುದು ೧ ವೋಲ್ಟು. ೧೨ರಲ್ಲಿ ೧೧ ಉಳಿಯುತ್ತದೆ, ಯಾರ ಗಮನಕ್ಕೂ ಬಾರದು. ಭಾರ ಬಿದ್ದು ೬ ಆಂಪಿಯರ್ ಹರಿಯುವಾಗ ಅದೇ ಕೂಡಿಕೆ ೩ ವೋಲ್ಟನ್ನು ನುಂಗುತ್ತದೆ. ಅತಿ ಹೆಚ್ಚು ಬಲ ಬೇಕಾದ ಗಳಿಗೆಯಲ್ಲಿ ಮೋಟಾರಿಗೆ ಉಳಿಯುವುದು ೯ ಮಾತ್ರ. ತುಕ್ಕು ಮೊದಲಿನದೇ, ಕೂಡಿಕೆಯೂ ಮೊದಲಿನದೇ. ಸುಖದಲ್ಲಿ ಅದು ಮೌನವಾಗಿತ್ತು, ಹೆಚ್ಚು ಕೇಳಿದಾಗ ಬಾಯಿಬಿಟ್ಟಿತು. ಬೆಂಚಿನ ಮೇಲಿನ ಮೊದಲ ಓಟ ನಮಗೆ ಸುಳ್ಳು ಹೇಳಿತೆನ್ನಲಾಗದು. ನಾವು ಅದನ್ನು ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತ್ತು. ಕೇಳಿದ ಪ್ರಶ್ನೆಯೇ ಕಿರಿದಾಗಿತ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಪಾಠ ಮಾಡುವವರಿಗೆ ಉಪಯೋಗಕ್ಕೆ ಬಂದೀತು. ತಿರುಗುತ್ತಿರುವ ಮೋಟಾರು ತಾನೂ ಒಂದು ಡೈನಮೋ ಆಗಿರುತ್ತದೆ. ಅದರ ಸುರುಳಿಗಳು ಕಾಂತಕ್ಷೇತ್ರವನ್ನು ಕತ್ತರಿಸುತ್ತ, ಬರುವ ವಿದ್ಯುತ್ತಿಗೆ ಎದುರಾದ ಒತ್ತಡವನ್ನು ತಾವೇ ಹುಟ್ಟಿಸುತ್ತವೆ. ಈ ಎದುರೊತ್ತಡದಿಂದಲೇ ಓಡುವ ಮೋಟಾರು ಮಿತವಾಗಿ ವಿದ್ಯುತ್ತನ್ನು ಕುಡಿಯುತ್ತದೆ. ಬಲವಂತವಾಗಿ ನಿಲ್ಲಿಸಿದರೆ ಎದುರೊತ್ತಡ ಇಲ್ಲವಾಗಿ, ವಿದ್ಯುತ್ತು ತಡೆಯಿಲ್ಲದೆ ನುಗ್ಗಿ, ತಂತಿಯ ಸುತ್ತುಗಳು ಸುಟ್ಟುಹೋಗುತ್ತವೆ. ಆದ್ದರಿಂದ ಕಡ್ಡಿ ನಿಂತಾಗ 'ಹೇಗೂ ನಿಂತಿದೆ' ಎಂದು ಸ್ವಿಚ್ಚನ್ನು ಹಾಗೆಯೇ ಬಿಡುವುದು ದೊಡ್ಡ ತಪ್ಪು. ನಿಂತ ಯಂತ್ರವೇ ಒಳಗೊಳಗೆ ಹೆಚ್ಚು ಉರಿಯುತ್ತಿರುತ್ತದೆ.

ದುರಸ್ತಿಗೆ ಬ್ರಷ್ಷುಗಳು ಬರಬೇಕಾಗಿದ್ದುದರಿಂದ ಕೆಲಸ ಮರುದಿನಕ್ಕೆ ಬಿತ್ತು. ಕಾಯುತ್ತ ಕುಳಿತಾಗ ಹಿರಿಯರು ತಮ್ಮ ಊರಿನ ಬೀಗಗಳ ಮಾತು ತೆಗೆದರು. ದಿಂಡಿಗಲ್ಲಿನ ಬೀಗ ಹೆಸರಾಂತದ್ದು. ೨೦೧೯ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. "ನಮ್ಮೂರ ಬೀಗಾನ ಬೀಗದ ಕೈ ಹಾಕಿ ತೆಗೆದು ತೋರಿಸ್ತಾರೆ, ನಾವು ಕೊಂಡುಕೊಳ್ತೀವಿ. ಇಷ್ಟೆಲ್ಲಾ ತಂಟೆ ಇಲ್ಲ" ಎಂದು ಅವರು ಹಾಸ್ಯವಾಡಿದರು. ಹಾಸ್ಯವೇ ನಮ್ಮನ್ನು ಯೋಚನೆಗೆ ಹಚ್ಚಿತು. ಬೀಗದ ಧರ್ಮ ತನ್ನ ಕೈಗೆ ತೆರೆದುಕೊಳ್ಳುವುದಷ್ಟೇ ಅಲ್ಲ, ಬೇರೆ ಯಾವ ಕೈಗೂ ತೆರೆಯದಿರುವುದು. ತೆಗೆದು ತೋರಿಸಿದಾಗ ಅರ್ಧ ಮಾತ್ರ ತೋರಿಸಿದಂತಾಯಿತು. ಉಳಿದ ಅರ್ಧವನ್ನು ತೋರಿಸಬೇಕಾದರೆ ಲೋಕದ ಎಲ್ಲ ಬೀಗದ ಕೈಗಳನ್ನೂ, ಎಲ್ಲ ಕಳ್ಳರನ್ನೂ ಕರೆತರಬೇಕಾದೀತು. ಅಂದಮೇಲೆ ಆ ಅರ್ಧವನ್ನು ನಾವು ಕೊಳ್ಳುವುದು ಕಮ್ಮಾರನ ಮಾತಿನ ಮೇಲೆ.

ಇಲ್ಲಿಗೆ ವಿಷಯ ತಿಳಿಯಾಗುತ್ತ ಬಂತು. ಯಾವ ಪರೀಕ್ಷೆಯೂ ಬಳಕೆಗೆ ಸಮನಾಗಲಾರದು. ಒಂದು ಬೆಂಕಿಕಡ್ಡಿ ಹೊತ್ತುವುದೇ ಎಂದು ಸಂಪೂರ್ಣವಾಗಿ ಪರೀಕ್ಷಿಸಬೇಕಾದರೆ ಅದನ್ನು ಗೀರಿಯೇ ನೋಡಬೇಕು. ಗೀರಿದ ಮೇಲೆ ಪರೀಕ್ಷೆ ಉಳಿಯುತ್ತದೆ, ಕಡ್ಡಿ ಉಳಿಯುವುದಿಲ್ಲ. ಪರೀಕ್ಷೆಯೆಂಬುದು ಬಳಕೆಗಿಂತ ಯಾವಾಗಲೂ ಚಿಕ್ಕದಾಗಿರಲೇಬೇಕು. ಹಾಗಿರಲು ಎರಡರ ನಡುವೆ ಒಂದು ತೆರಪು ಬೀಳುತ್ತದೆ. ಬೆಂಚಿನಿಂದ ಬೋಡಿಮೆಟ್ಟಿನವರೆಗಿನ ತೆರಪು, ಮಾರ್ಚಿಯ ಪರೀಕ್ಷೆಯಿಂದ ಬಾಳಿನವರೆಗಿನ ತೆರಪು. ಆ ತೆರಪನ್ನು ತುಂಬತಕ್ಕದ್ದು ಪರೀಕ್ಷಕನ ಮಾತು. ಬೇರೆ ಏನೂ ಇಲ್ಲ. ಯಂತ್ರಶಾಸ್ತ್ರ ಮುಗಿದು ನೀತಿ ಆರಂಭವಾಗುವುದು ಈ ಜಾಗದಲ್ಲಿ.

ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಎಣಿಸಿದರು. ಯಾರ ಶಬ್ದ? ಆಪ್ತನದು. ಆಪ್ತನೆಂದರೆ ನೆಂಟನಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಅಭಿಪ್ರಾಯದಂತೆ, ವಿಷಯವನ್ನು ತಾನೇ ನೇರವಾಗಿ ತಿಳಿದಿದ್ದು, ತಾನು ಕಂಡಂತೆಯೇ ಅದನ್ನು ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ. ಹಾಗಾದರೆ ಗ್ರೀಸು ಮೆತ್ತಿದ ಕೈಯ ಕುಶಲಕರ್ಮಿಯೂ ಆಪ್ತನಾಗಬಲ್ಲ; ಬಿಳಿಯ ಅಂಗಿ ತೊಟ್ಟು ರುಜು ಹಾಕುವ ಉಪಾಧ್ಯಾಯನು ಆಗದೆ ಹೋಗಬಹುದು. 'ಕಂಡಂತೆಯೇ' ಎಂಬ ಪದದ ಮೇಲೆ ಭಾರವೆಲ್ಲ ನಿಂತಿದೆ. ಎರಡು ಆಂಪಿಯರಿನಲ್ಲಿ ಸುಮ್ಮನೆ ತಿರುಗಿದುದನ್ನು ಕಂಡವನು 'ಸುಮ್ಮನೆ ತಿರುಗಿತು' ಎಂದರೆ ಆಪ್ತ. 'ಸರಿಯಾಗಿದೆ' ಎಂದರೆ ಕಂಡುದಕ್ಕಿಂತ ಹೆಚ್ಚು ಹೇಳಿದವನಾದ. ಅದು ಸುಳ್ಳಲ್ಲ, ಬೇರೆಯವರ ಪ್ರಾಣದ ಮೇಲೆ ಮಾಡಿದ ಊಹೆ.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಬರೆಯುವುದಕ್ಕೆ ನಮಗೆ ಅಧಿಕಾರವಿದೆಯೇ ಎಂದು ಕೇಳಿಕೊಂಡರೆ, ಇದೆ. ತಪ್ಪು ಮಾಡಿದವರಿಗಿರುವ ಅಧಿಕಾರ ಅದು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಬಾಲಕನಿದ್ದ. ನಾವು ಕಲಿಸುವುದು ತಮಿಳು ಮಾಧ್ಯಮದಲ್ಲಿ. ಅವನ ಮನೆಯ ಮಾತು ನಮ್ಮಂತೆಯೇ ಕನ್ನಡ. ವರ್ಷದ ಕೊನೆಗೆ ಪುಸ್ತಕ ತೆರೆದು ಓದಿಸಿದೆವು. ಪುಟದ ಮೇಲೆ ಬೆರಳಿಟ್ಟು, ಎಲ್ಲೂ ತಡವರಿಸದೆ, ರಾಗವಾಗಿ ಓದಿದ. ಇನ್ನೊಂದು ಪಾಠ ತೆಗೆಸಿದೆವು, ಅದನ್ನೂ ಓದಿದ. 'ಓದಬಲ್ಲನು' ಎಂಬ ಕಲಮಿನಲ್ಲಿ ಗುರುತು ಹಾಕಿದೆವು. ರಜೆಯಲ್ಲಿ ಅವನ ಅಜ್ಜಿ ಅವನನ್ನು ಕರೆದುಕೊಂಡು ತೇನಿಯ ಬಸ್ ನಿಲ್ದಾಣಕ್ಕೆ ಬಂದಳು. ಆಕೆಗೆ ಅಕ್ಷರ ಬಾರದು. ಕಂಬಂ ಬಸ್ಸು ಯಾವುದು ನೋಡು ಮಗಾ ಎಂದಳು. ಹುಡುಗ ಒಂದು ಬಸ್ಸನ್ನು ತೋರಿಸಿದ. ಅದು ಅವರನ್ನು ಕತ್ತಲಾಗುವ ಹೊತ್ತಿಗೆ ಬೋಡಿಯಲ್ಲಿ ಇಳಿಸಿತು. ಆಕೆಯ ಬಳಿ ಇದ್ದುದು ಕಂಬಂವರೆಗಿನ ಹಣ ಮಾತ್ರ. ಆ ರಾತ್ರಿಯನ್ನು ಇಬ್ಬರೂ ಅಲ್ಲಿಯ ನಿಲ್ದಾಣದಲ್ಲೇ ಕಳೆದರು.

ಶಾಲೆ ತೆರೆದ ಮೇಲೆ ಆಕೆ ಬಂದಳು. ಜಗಳಕ್ಕಲ್ಲ, ಹುಡುಗನಿಗೆ ಕಣ್ಣಿನ ದೋಷವೇನಾದರೂ ಇದೆಯೇ ಎಂದು ಕೇಳುವುದಕ್ಕೆ. "ಓದ್ತಾನೆ ಅಂತ ನೀವೇ ಬರೆದಿದ್ರಲ್ಲಾ ವಾದ್ಯಾರೇ, ಅದಕ್ಕೇ ಅವನ ಮಾತು ನಂಬಿದೆ" ಎಂದಳು. ಆಕೆ ಹೋದ ಮೇಲೆ ನಾವು ಹುಡುಗನನ್ನು ಕರೆದು, ಅವನು ಹಿಂದೆ ಓದಿ ತೋರಿಸಿದ ಪಾಠವನ್ನೇ ಕೆಳಗಿನ ಸಾಲಿನಿಂದ ಮೇಲಕ್ಕೆ ಓದೆಂದೆವು. ಅವನ ಬೆರಳು ನಿಂತುಹೋಯಿತು. ಇಡೀ ಪುಸ್ತಕ ಅವನಿಗೆ ಕಂಠಪಾಠವಾಗಿತ್ತು. ಚಿತ್ರ ನೋಡಿ ಪಾಠದ ಗುರುತು ಹಿಡಿಯುತ್ತಿದ್ದ. ಅವನು ಮೋಸ ಮಾಡಿರಲಿಲ್ಲ. ಓದುವುದೆಂದರೆ ಅದೇ ಎಂದು ತಿಳಿದಿದ್ದ. ಭಾರವಿಲ್ಲದ ಓಟವನ್ನು ನೋಡಿ ರುಜು ಹಾಕಿದವರು ನಾವು. ನಮ್ಮ ಪರೀಕ್ಷೆಯ ಕೊಠಡಿಯಲ್ಲಿ ಇಲ್ಲದಿದ್ದ ಒಬ್ಬ ಮುದುಕಿ ನಮ್ಮ ಗುರುತಿನ ಮೇಲೆ ತನ್ನ ರಾತ್ರಿಯನ್ನು ಪಣವಾಗಿಟ್ಟಿದ್ದಳು.

ಆ ಮೇಲಿನಿಂದ ನಾವು ಮಕ್ಕಳು ಕಂಡಿಲ್ಲದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಓದಿಸುತ್ತೇವೆ. ಅಂಗಡಿಯ ಪೊಟ್ಟಣದ ಮೇಲಿನ ಬರಹವನ್ನೂ ಬಸ್ಸಿನ ಫಲಕವನ್ನೂ ಓದಿಸುತ್ತೇವೆ. ಆದರೆ ಕಷ್ಟ ಪರೀಕ್ಷಿಸುವುದರಲ್ಲಿಲ್ಲ, ಬರೆಯುವುದರಲ್ಲಿದೆ. ನಮೂನೆಯ ಕಲಮಿನಲ್ಲಿ ಒಂದು ಗುರುತಿಗಷ್ಟೇ ಜಾಗವಿರುತ್ತದೆ. 'ಕಂಡಿಲ್ಲದ ಸಣ್ಣ ವಾಕ್ಯವನ್ನು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಾನೆ. ಒತ್ತಕ್ಷರದಲ್ಲಿ ಎಡವುತ್ತಾನೆ' ಎಂದು ಬರೆಯಹೊರಟರೆ ಕಾಗದದ ಅಂಚು ಸಾಲದು. ಲೋಕಕ್ಕೆ ಬೇಕಾದುದು ಒಂದೇ ಪದ. ಹಿರಿಯರಿಗೂ ಬೇಕಾಗಿದ್ದುದು ಒಂದೇ ಪದ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವುಂಟು. ಪ್ರತಿ ಮಾತಿಗೂ ಷರತ್ತು ಕಟ್ಟುವವನು ಪ್ರಾಮಾಣಿಕನೇ ಆಗಬೇಕೆಂದಿಲ್ಲ, ಜಾರಿಕೊಳ್ಳುವವನೂ ಆಗಿರಬಹುದು. ನಾಳೆ ಏನಾದರೂ ಆದರೆ 'ಮೊದಲೇ ಹೇಳಿದ್ದೆನಲ್ಲ' ಎನ್ನುವುದಕ್ಕೆ ಅನುಕೂಲವಾಗಲೆಂದು ಸಣ್ಣ ಅಕ್ಷರದಲ್ಲಿ ನೂರು ಷರತ್ತು ಮುದ್ರಿಸುವವರನ್ನು ನಾವು ದಿನವೂ ಕಾಣುತ್ತೇವೆ. ಯಾರನ್ನೂ ತೇರ್ಗಡೆ ಮಾಡದ ಉಪಾಧ್ಯಾಯನೂ, ಯಾವ ಗಾಡಿಯನ್ನೂ ರಸ್ತೆಗೆ ಬಿಡದ ಕುಶಲಕರ್ಮಿಯೂ ತಪ್ಪೇ ಮಾಡುವುದಿಲ್ಲ, ನಿಜ, ಕೆಲಸವನ್ನೂ ಮಾಡುವುದಿಲ್ಲ. ತೆರಪನ್ನು ತುಂಬಲು ಒಲ್ಲೆನೆನ್ನುವುದೂ ಒಂದು ಬಗೆಯ ಹೇಡಿತನವೇ. ಹಾಗಾದರೆ ಎರಡು ಬಗೆಯ ಷರತ್ತುಗಳನ್ನು ಬೇರ್ಪಡಿಸುವುದು ಹೇಗೆ? ನಮಗೆ ತೋರಿದ ಒಂದು ಅಳತೆಯಿದೆ: ಷರತ್ತು ಯಾರ ಕೈಗೆ ಉಪಕರಣವಾಗುತ್ತದೆಂದು ನೋಡುವುದು. ಹೇಳಿದವನ ಕೈಗೆ ಗುರಾಣಿಯಾದರೆ ಅದು ಜಾರುವಿಕೆ. ಕೇಳಿದವನ ಕೈಗೆ ದೀಪವಾಗಿ, ಮುಂದೆ ತಾನು ಏನು ಮಾಡಬೇಕೆಂದು ತೋರಿಸಿದರೆ ಅದು ಸತ್ಯದ ಭಾಗ.

ಮರುದಿನ ನಡೆದುದನ್ನು ಈ ಅಳತೆಯಿಂದ ವಾಚಕರೇ ನೋಡಬಹುದು. ಹೊಸ ಬ್ರಷ್ಷುಗಳು ಬಂದವು. ರಿವೆಟ್ಟನ್ನು ಕೊರೆದು ತೆಗೆದು, ತಾಮ್ರದ ತಂತಿಯನ್ನು ಉಜ್ಜಿ ಬೆಸುಗೆ ಹಾಕಿದ್ದಾಯಿತು. ಗಾಜಿನ ಮೇಲೆ ಅರ್ಧ ಗಂಟೆ ನೀರಿನಲ್ಲಿ, ಮತ್ತೆ ಅರ್ಧ ಗಂಟೆ ಅರೆ ತೇವದಲ್ಲಿ ಮೋಟಾರು ಓಡಿತು. ಬೆಚ್ಚಗಾಯಿತೇ ಹೊರತು ಕಾಯಲಿಲ್ಲ. ಸ್ವಿಚ್ಚು ಆರಿಸಿದಾಗ ಕಡ್ಡಿಗಳು ಗಾಜಿನ ಅಂಚಿಗೆ ಹೋಗಿ ಮಲಗಿದವು. ಹತ್ತು ಸಲ ಆರಿಸಿ ಹತ್ತು ಸಲವೂ ನೋಡಿದ. ಕಾರಿಗೆ ಜೋಡಿಸಿದ ಮೇಲೆ ಹಿರಿಯರು ಕೇಳಿದರು: "ಈಗಲಾದ್ರೂ ಸರಿ ಅಂತೀಯಾ?"

ಅವನು ಕೈ ಒರಸಿಕೊಳ್ಳುತ್ತ ಹೇಳಿದ: "ಒಂದು ಗಂಟೆ ಓಡ್ಸಿದೀನಿ ಅಯ್ಯಾ, ನಿಂತಿಲ್ಲ. ಎರಡು ಮೂರು ಗಂಟೆ ಮಂಜಲ್ಲಿ ಓಡ್ಸಿ ನಾನು ನೋಡಿಲ್ಲ. ಹೋಗಿಬನ್ನಿ. ಕಡ್ಡಿ ನಿಧಾನ ಆಗ್ತಾ ಇದೆ ಅನ್ಸಿದ್ರೆ ಗಾಜಿಗೆ ಒಂದು ಚೊಂಬು ನೀರು ಹಾಕಿ. ನಿಂತೇಹೋದ್ರೆ ಸ್ವಿಚ್ ಆರ್ಸಿಬಿಟ್ಟು ಗಾಡೀನ ಓರೆಗೆ ಹಾಕಿ. ತಲೆ ಹೊರಗೆ ಹಾಕ್ಕೊಂಡು ಮಾತ್ರ ಓಡಿಸ್ಬೇಡಿ, ಮಕ್ಕಳಿರ್ತಾರೆ."

ಹಿರಿಯರಿಗೆ ಇದು ಹಿಡಿಸಲಿಲ್ಲ. ಹಣ ಎಣಿಸಿಕೊಟ್ಟು, ಹೊರಗೆ ಬಂದ ಮೇಲೆ ನಮ್ಮ ಕಡೆ ತಿರುಗಿ, ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲದವನ ಹತ್ತಿರ ಕರೆದುಕೊಂಡು ಬಂದೆಯಲ್ಲಪ್ಪಾ ಎಂದರು. ನಾವು ಉತ್ತರ ಕೊಡಲಿಲ್ಲ. ಆದರೆ ಹೊರಡುವ ಮೊದಲು ಅವರು ಹಿಂದಿನ ಡಿಕ್ಕಿಯಲ್ಲಿ ಒಂದು ಹಿತ್ತಾಳೆಯ ಚೊಂಬನ್ನೂ ನೀರಿನ ಕ್ಯಾನನ್ನೂ ಇಡಿಸಿದುದನ್ನು ಕಂಡೆವು.

ಹತ್ತು ದಿನಗಳ ಮೇಲೆ ಅವರು ಕುಮಿಳಿಯಿಂದ ಹಿಂದಿರುಗುವಾಗ ತೇನಿಯಲ್ಲಿ ಗಾಡಿ ನಿಲ್ಲಿಸಿದರು. ಆ ವರ್ಷ ಮಳೆ ತಡವಾಗಿತ್ತು. ಹೋಗುವಾಗಲೂ ಬರುವಾಗಲೂ ಘಟ್ಟದಲ್ಲಿ ಬಿಸಿಲೋ ಬಿಸಿಲು. "ನೋಡಿದೆಯಾ, ಏನೂ ಆಗ್ಲಿಲ್ಲ. ಸುಮ್ಮನೆ ಹೆದರಿಸಿದೆ" ಎಂದು ಅಂಗಡಿಯ ಬಾಗಿಲಲ್ಲಿ ನಗುತ್ತ ನಿಂತರು. ಅವನೂ ನಕ್ಕ. "ಒಂದ್ಸಲನಾದ್ರೂ ಹಾಕಿ ನೋಡಿದ್ರಾ ಅಯ್ಯಾ?" ಎಂದ. ಇಲ್ಲವೆಂದು ಅವರು ತಲೆಯಾಡಿಸಿದರು. ಅವನು ಡಿಕ್ಕಿಯಿಂದ ಚೊಂಬನ್ನು ತೆಗೆದು, ತೊಟ್ಟಿಯಲ್ಲಿ ಮುಳುಗಿಸಿ, ಧೂಳು ಕವಿದ ಮುಂಗಾಜಿನ ಮೇಲೆ ನೀರು ಸುರಿಯುತ್ತ, ಸ್ವಿಚ್ಚು ಹಾಕಿರೆಂದು ಹಿರಿಯರಿಗೆ ಕೈಸನ್ನೆ ಮಾಡಿದನು.